ಅಜ್ಜನ ಪೇಟಿ

ಗದಗಿನ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬಲಗಡೆಗೆ, ಒಂದು ಮರದ ಪೆಟ್ಟಿಗೆ ಇತ್ತು. ಸೊಂಟದೆತ್ತರ, ಸಣ್ಣ ಮೇಜಿನಷ್ಟು ಅಗಲ. ನನಗೆ ತಿಳಿವಳಿಕೆ ಬಂದಾಗಿನಿಂದ ಅದರ ಮೇಲೆ ಏನಾದರೊಂದು ಸಾಮಾನು ಇದ್ದೇ ಇರುತ್ತಿತ್ತು. ಮೊದಲು ರೇಡಿಯೋ, ಅದಕ್ಕೆ ಅವ್ವ ಕಸೂತಿ ಹಾಕಿದ ಹೊದಿಕೆ. ರೇಡಿಯೋ ಹೋಗಿ ಟಿ.ವಿ. ಬಂತು. ಟಿ.ವಿ. ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಕರೆಂಟ್ ಬಿಲ್ಲು, ಔಷಧದ ಚೀಟಿ, ಯಾರು ಯಾರದೋ ಲಗ್ನಪತ್ರಿಕೆಗಳು ಅಲ್ಲಿ ಬಂದು ಕೂತವು. ಅದರೊಳಗೆ ಒಂದು ವಾದ್ಯ ಇದೆ ಎನ್ನುವುದು ಬಂದವರಿಗೆ ಹೇಳಿದರೆ ಮಾತ್ರ ತಿಳಿಯುತ್ತಿತ್ತು. ನಾವು ಅದಕ್ಕೆ 'ಅಜ್ಜನ ಪೇಟಿ' ಎನ್ನುತ್ತಿದ್ದೆವು.

ಅದು ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ. ಕಂಪನಿ ನಾಟಕದವರ ಬಾಯಲ್ಲಿ ಲೆಗ್ ಹಾರ್ಮೋನಿಯಂ. ಕೆಳಗೆ ಎರಡು ಮೆಟ್ಟುಹಲಗೆ, ಅವನ್ನು ಒಂದಾದ ಮೇಲೊಂದು ತುಳಿದರೆ ಒಳಗಿನ ತಿದಿ ಗಾಳಿ ತುಂಬಿಕೊಳ್ಳುತ್ತದೆ. ಎರಡೂ ಕೈ ನುಡಿಸಲು ಬಿಡುವಾಗಿರುತ್ತವೆ. ನಾನು ಹತ್ತು ವರ್ಷದವಳಿದ್ದಾಗ, ಅಪ್ಪ ಊರಲ್ಲಿಲ್ಲದ ದಿನ, ಮುಚ್ಚಳ ತೆಗೆದು ಬೆರಳಿಟ್ಟು ಒತ್ತಿದ್ದೆ. ಸದ್ದಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಆಯಿ ಅಲ್ಲಿಂದಲೇ, “ಮೊದಲ ಕಾಲ ತುಳಿ, ಗಾಳಿ ತುಂಬಲಿ, ಆಮ್ಯಾಲ ಬೆರಳ ಇಡು” ಎಂದಿದ್ದಳು. ನಾನು ಹಾಗೇ ಮಾಡಿದೆ, ಪೇಟಿ ಕೂಗಿತು, ನಾನು ಹೆದರಿ ಓಡಿಹೋದೆ. ಜೋಳದ ಹಿಟ್ಟಿನ ಕೈಯವಳಿಗೆ ಅದು ಹೇಗೆ ಗೊತ್ತು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ದೊಡ್ಡವಳಾಗಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ. ಆಗಲೂ ಹೊಳೆಯಲಿಲ್ಲ.

ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ಮನೆ ಬೀಗ ಹಾಕಿಕೊಂಡು ನಿಂತಿತು. ಮೂವರು ಮಕ್ಕಳಲ್ಲಿ ನಾನು ಹುಬ್ಬಳ್ಳಿಯಲ್ಲಿ, ತಮ್ಮಂದಿರು ಪುಣೆ, ಬೆಂಗಳೂರಿನಲ್ಲಿ. ಮಾಳಿಗೆ ಸೋರತೊಡಗಿತು. ಮಾರುವುದೆಂದು ಗೊತ್ತುಮಾಡಿ ಸಂಚಕಾರ ತೆಗೆದುಕೊಂಡದ್ದೂ ಆಯಿತು. ಹಿತ್ತಾಳೆ ಹಂಡೆ, ಬೀಸುವ ಕಲ್ಲು, ತೊಟ್ಟಿಲು ಹಂಚಿದೆವು. ಪೇಟಿ ಯಾರಿಗೂ ಬೇಡವಾಗಿತ್ತು. ಅಪಾರ್ಟ್‌ಮೆಂಟಿನ ಲಿಫ್ಟಿಗೂ ಅದು ಹಿಡಿಸುವುದಿಲ್ಲ. ಸಣ್ಣ ತಮ್ಮ ಬೆಂಗಳೂರಿನಿಂದ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬನನ್ನು ಕರೆತಂದ.

ಅವನು ಕೆಲಸ ಬಲ್ಲವನೇ. ಮೊಣಕಾಲೂರಿ, ಕೆಳಗೆ ಬ್ಯಾಟರಿ ಬಿಟ್ಟು ನೋಡಿ, “ಇದರಲ್ಲಿ ಕಾಗದದ ಸುರುಳಿ ಹಾಕುವ ಜಾಗ ಇಲ್ಲ, ಅಲ್ವಾ ಮೇಡಂ?” ಎಂದ. ತಾನೇ ನುಡಿಯುವ ವಿಲಾಯತಿ ಆರ್ಗನ್ ಆಗಿದ್ದರೆ ರೇಟೇ ಬೇರೆಯಂತೆ. ಇದಕ್ಕೆ 18,000 ಕೊಡುತ್ತೇನೆ ಎಂದ. ಏನು ಮಾಡುತ್ತೀರಿ ಎಂದು ಕೇಳಿದೆ. ಸಂಕೋಚವಿಲ್ಲದೆ ಹೇಳಿದ: “ಒಳಗಿಂದೆಲ್ಲ ಕಿತ್ತು ತೆಗೆಸ್ತೀವಿ. ಮೇಲೆ ಕಲ್ಲು ಕೂರಿಸಿದರೆ ರೆಸಾರ್ಟಿಗೆ ಒಳ್ಳೆ ವಾಷ್‌ಬೇಸಿನ್ ಸ್ಟ್ಯಾಂಡ್ ಆಗುತ್ತೆ.” ತಮ್ಮ ಒಪ್ಪಿದ. ನಾನೂ ಬೇಡ ಎನ್ನಲಿಲ್ಲ. ಬರುವ ವಾರ ಗಾಡಿ ತರುತ್ತೇನೆಂದು ಅವನು ಹೋದ.

ಆ ರಾತ್ರಿ ಧಾರವಾಡದ ಅತ್ತಿಗೆ, ಅಂದರೆ ಅಪ್ಪನ ತಂಗಿಗೆ, ಫೋನ್ ಮಾಡಿದೆ. ಎಂಬತ್ತು ದಾಟಿದ್ದರೂ ಕಿವಿ, ಬಾಯಿ ಎರಡೂ ಚುರುಕು. ಹಂಡೆ ಯಾರಿಗೆ, ತೊಟ್ಟಿಲು ಯಾರಿಗೆ ಎಂದೆಲ್ಲ ಕೇಳಿದಳು. ಅಜ್ಜನ ಪೇಟಿ ಮಾರಿದೆವು ಎಂದಾಗ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಯವ್ವಾ, ಆ ಪೇಟಿ ನಿಮ್ಮಜ್ಜಂದಲ್ಲ. ನಮ್ಮವ್ವಂದು. ಮಾರೂದಿದ್ರ ಮಾರ್ರಿ. ಆದ್ರ ಯಾರ್ದು ಅಂತ ತಿಳಕೊಂಡು ಮಾರ್ರಿ.”

ಮರುದಿನ ಬೆಳಗಿನ ಬಸ್ಸಿಗೆ ಧಾರವಾಡಕ್ಕೆ ಹೋದೆ.

ಅತ್ತಿ ಹೇಳಿದ್ದನ್ನು ಹೇಳುವ ಮುಂಚೆ ಈ ಪೇಟಿಯ ಕುಲಗೋತ್ರ ಸ್ವಲ್ಪ ಹೇಳಬೇಕು. ಆ ವ್ಯಾಪಾರಿಯ ಕಾಗದದ ಸುರುಳಿ ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು, ಅದರ ಬೆನ್ನು ಹತ್ತಿ ಒಂದಿಷ್ಟು ಓದಿದೆ.

ತೆಳುವಾದ ಲೋಹದ ನಾಲಿಗೆಯೊಂದು ಗಾಳಿಗೆ ಅದುರಿ ಸ್ವರ ಹೊರಡಿಸುವ ಉಪಾಯ ಮೊದಲು ಚೀನಾದ ಶೆಂಗ್ ಎಂಬ ಬಾಯಿವಾದ್ಯದಲ್ಲಿತ್ತು. 18ನೆಯ ಶತಮಾನದಲ್ಲಿ ಅದು ಯುರೋಪಿಗೆ ಪರಿಚಯವಾಯಿತು. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆ ಎಂಬಾತ ಆ ನಾಲಿಗೆಗಳನ್ನು ಸಾಲಾಗಿ ಕೂರಿಸಿ, ಕಾಲಿನ ತಿದಿ ಜೋಡಿಸಿ, ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹಕ್ಕು ಪಡೆದ. ಇಗರ್ಜಿಯ ದೊಡ್ಡ ಕೊಳವೆ ಆರ್ಗನ್ನು ಕೊಳ್ಳಲಾರದವರಿಗೆ, ಪಿಯಾನೋ ಕೈಗೆಟುಕದವರಿಗೆ ಇದು ಒದಗಿತು. ಅಮೆರಿಕದಲ್ಲಂತೂ ಮನೆಮನೆಗೆ ಹೊಕ್ಕಿತು. ಅಲ್ಲಿಯ ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೋ ಊರಿನ ಎಸ್ಟಿ ಕಂಪನಿಯೊಂದೇ ಇಂಥ 5 ಲಕ್ಷಕ್ಕೂ ಹೆಚ್ಚು ಆರ್ಗನ್ ಮಾಡಿತು. ನಮ್ಮ ಪೇಟಿ ಗಾಳಿಯನ್ನು ಹೊರಕ್ಕೆ ಒತ್ತುತ್ತದೆ, ಅಮೆರಿಕದ ಪೆಟ್ಟಿಗೆ ಒಳಕ್ಕೆ ಎಳೆದುಕೊಳ್ಳುತ್ತದೆ. ಅಷ್ಟು ಬಿಟ್ಟರೆ ಎರಡೂ ಅಕ್ಕತಂಗಿಯರೇ.

ಆ ಶತಮಾನದ ಕೊನೆಗೆ ಏಯೋಲಿಯನ್ ಮುಂತಾದ ಕಂಪನಿಗಳು ಇನ್ನೊಂದು ಚಮತ್ಕಾರ ತಂದವು. ಸಾಲುಸಾಲು ತೂತು ಕೊರೆದ ಕಾಗದದ ಸುರುಳಿ. ಹಿತ್ತಾಳೆಯ ಪಟ್ಟಿಯ ಮೇಲೆ ಅದು ಉರುಳುತ್ತಾ ಹೋದಂತೆ, ತೂತು ಬಂದ ಕಡೆ ಗಾಳಿ ನುಗ್ಗಿ ಆ ಸ್ವರ ನುಡಿಯುತ್ತದೆ. ಸಂಗೀತ ಕಲಿಯದವರೂ ಕಾಲು ತುಳಿದರೆ ಸಾಕು, ರಾಗ ಬರುತ್ತಿತ್ತು. ಹಾಡನ್ನೆಲ್ಲ ಕಾಗದ ನೆನಪಿಟ್ಟುಕೊಳ್ಳುತ್ತಿತ್ತು. ಗ್ರಾಮಫೋನು, ರೇಡಿಯೋ ಬಂದು ಅದರ ಕಾಲ ಮುಗಿಯಿತು. ಅಲ್ಲಿಯೂ ಎಷ್ಟೋ ಆರ್ಗನ್‌ಗಳ ಒಡಲು ಬಗೆದು ಬರೆಯುವ ಮೇಜು ಮಾಡಿಕೊಂಡರಂತೆ.

ಓದುತ್ತಾ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಆ ದೇಶದ ಮಧ್ಯಮ ವರ್ಗದ ಮನೆಗಳಲ್ಲಿ ಆರ್ಗನ್ನು ಇರುತ್ತಿದ್ದದ್ದು ಬಂದವರನ್ನು ಕೂರಿಸುವ ಕೋಣೆಯಲ್ಲಿ. ನುಡಿಸುತ್ತಿದ್ದವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು. ಮಗಳು ಆರ್ಗನ್ ಬಲ್ಲವಳು ಎಂದರೆ ಅದು ಮನೆಗೆ ಮರ್ಯಾದೆ, ಮದುವೆಯ ಮಾತಿಗೆ ಒಂದು ಹೆಚ್ಚುಗಾರಿಕೆ. ಇದೇ ವಾದ್ಯ ಸಾಹೇಬರ, ಪಾದ್ರಿಗಳ ಜೊತೆ ಹಡಗು ಹತ್ತಿ ನಮ್ಮ ಕಡೆ ಬಂದಾಗ ಆ ಮರ್ಯಾದೆ ಮಾತ್ರ ಹಡಗಿನಿಂದ ಇಳಿಯಲಿಲ್ಲ.

ಇಲ್ಲಿ ಅದರ ದಾರಿ ಎರಡಾಯಿತು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಕಾಲು ಕತ್ತರಿಸಿ ಅದನ್ನು ನೆಲದ ಮೇಲಿಟ್ಟು ಒಂದು ಕೈಯಲ್ಲಿ ತಿದಿ ಒತ್ತುವ ಕೈಪೇಟಿ ಮಾಡಿದರು. ನಾವೀಗ ಭಜನೆಯಲ್ಲಿ ನೋಡುವುದು ಅದನ್ನೇ. ಕಾಲಿದ್ದ ಪೇಟಿ ನಾಟಕದವರ ಪಾಲಿಗೆ ಉಳಿಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಮರಾಠಿ 'ಶಾಕುಂತಲ' ಆಡಿಸಿದಾಗಿನಿಂದ ಸಂಗೀತ ನಾಟಕದ ಹುಚ್ಚು ನಮ್ಮ ಕಡೆಗೂ ಹಬ್ಬಿತು. ಗದಗಿನ ಗರೂಡ ಸದಾಶಿವರಾಯರ, ವಾಮನರಾವ್ ಮಾಸ್ತರರ, ದಕ್ಷಿಣದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಗಳು ಊರೂರಿಗೆ ಕ್ಯಾಂಪು ಹಾಕಿದವು. ಮೈಕು ಇಲ್ಲದ ಕಾಲ. ಗ್ಯಾಸ್‌ಬತ್ತಿಯ ಬೆಳಕು, ಸಾವಿರ ಜನರ ಗದ್ದಲ. ಕೊನೆಯ ಸಾಲಿನವನಿಗೂ ಮುಟ್ಟುವಂಥ ದನಿ ಬೇಕಾಗಿತ್ತು. ರಂಗದ ಮುಂದೆ ಮಾಸ್ತರರು ಕುರ್ಚಿ ಹಾಕಿಕೊಂಡು, ಕಾಲು ತುಳಿಯುತ್ತಾ ಎರಡೂ ಕೈಯಲ್ಲಿ ನುಡಿಸಿದರೆ, ಆ ತುಂಬುದನಿಯ ಮೇಲೆ ನಟರು ಹಾಡು ಏರಿಸುತ್ತಿದ್ದರು. ಜನ 'ವನ್ಸ್ ಮೋರ್' ಎಂದರೆ ಸಾಯುವ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಸಾಯಬೇಕಾಗಿತ್ತು.

ಹೆಣ್ಣಿನ ಪಾತ್ರವನ್ನು ಬಹುಕಾಲ ಗಂಡಸರೇ ಮಾಡಿದರು. ಸೀರೆ ಉಟ್ಟು ಹಾಡಿದ ಬಾಲಗಂಧರ್ವರನ್ನು ನೋಡಿ ಹೆಂಗಸರು ನೆರಿಗೆ ಹಿಡಿಯುವುದನ್ನು ಕಲಿತರೆಂದು ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳೇ ರಂಗಕ್ಕೆ ಬಂದರು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮ, ನಮ್ಮ ಬೀಳಗಿಯಿಂದ ಹೋಗಿ ಬಾಲಗಂಧರ್ವರ ಕಂಪನಿ ಸೇರಿದ ಗೋಹರಬಾಯಿ. 1958ರಲ್ಲಿ ಆರ್. ನಾಗರತ್ನಮ್ಮನವರು ಬೆಂಗಳೂರಿನಲ್ಲಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿ ಕಂಸ, ರಾವಣರ ಪಾತ್ರಗಳನ್ನೂ ತಾವೇ ಮಾಡಿದರು. ಇವರ ಹೆಸರು ಉಳಿದಿವೆ. ಜಾತ್ರೆಯಿಂದ ಜಾತ್ರೆಗೆ ಚಕ್ಕಡಿಯಲ್ಲಿ ಹೋದ ಸಣ್ಣ ಕಂಪನಿಗಳಲ್ಲಿ ಹಾಡಿದವರು ಎಷ್ಟೋ ಮಂದಿ. ನಮ್ಮ ಆಯಿ ಅಂಥವರಲ್ಲಿ ಒಬ್ಬಳು.

ಅತ್ತಿ ಕಾಲು ಚಾಚಿ ಗೋಡೆಗೆ ಒರಗಿ ಕೂತು ಹೇಳಿದಳು. ಆಯಿ ಹದಿನಾರಕ್ಕೆ ಬಣ್ಣ ಹಚ್ಚಿದವಳು. ಅಜ್ಜ ಅದೇ ಕಂಪನಿಯ ಹಾರ್ಮೋನಿಯಂ ಮಾಸ್ತರ. ಅಲ್ಲಿಯೇ ಲಗ್ನವೂ ಆಯಿತು. ಆಗ ನಟನಟಿಯರಿಗೆ ಬೆನಿಫಿಟ್ ನಾಟಕ ಎಂದು ಇರುತ್ತಿತ್ತು, ಆ ರಾತ್ರಿಯ ಕಲೆಕ್ಷನ್ ಅವರಿಗೆ. ಒಂದು ಜಾತ್ರೆಯಲ್ಲಿ ಆಯಿಗೆ ಸಿಕ್ಕ ಅಂಥ ರಾತ್ರಿಯ ದುಡ್ಡಿಗೆ ಕೈಯಲ್ಲಿದ್ದ ಎರಡು ಪಾಟಲಿ ಸೇರಿಸಿ ಈ ಪೇಟಿ ತಂದರು. ಕಂಪನಿಯ ಪೇಟಿ ಮಾಲೀಕರದು, ಅವರು ಮುನಿದರೆ ಅಜ್ಜನ ಕೈ ಬರಿದು. ಸ್ವಂತ ಪೇಟಿ ಇದ್ದರೆ ಎಲ್ಲಿಗೆ ಹೋದರೂ ಅನ್ನ ಉಂಟು ಎಂದು ಆಯಿಯ ಲೆಕ್ಕ.

ಲೆಕ್ಕ ತಪ್ಪಲಿಲ್ಲ, ಕಾಲ ತಪ್ಪಿತು. 1934ರಲ್ಲಿ 'ಸತಿ ಸುಲೋಚನಾ' ಬಂದು ಕನ್ನಡಕ್ಕೂ ಮಾತಾಡುವ ಸಿನಿಮಾ ಆಯಿತು. ಸಣ್ಣ ಕಂಪನಿಗಳು ಒಂದೊಂದೇ ಪರದೆ ಸುತ್ತಿಟ್ಟವು. ಆಯಿಯ ಕಂಪನಿಯೂ 1940ರಲ್ಲಿ ಮುರಿಯಿತು. ಅದೇ ವರ್ಷ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. ಅದರ ಸ್ವರಗಳು ಅಚ್ಚು ಹೊಡೆದಂಥವು, ಒಂದರಿಂದ ಇನ್ನೊಂದಕ್ಕೆ ಜಾರಲಾರವು, ನಮ್ಮ ರಾಗಕ್ಕೆ ಒಗ್ಗವು ಎಂಬುದು ಆಕ್ಷೇಪ. ಆ ತಡೆ ಸಡಿಲವಾಗಲು 1971 ಬರಬೇಕಾಯಿತು. ಪೇಟಿಗಾದರೂ ಒಂದು ದಿನ ತಡೆ ತೆಗೆದರು.

ಅಜ್ಜನಿಗೆ ಗದಗಿನಲ್ಲಿ ಒಂದು ಶಾಲೆಯ ಸಂಗೀತ ಮಾಸ್ತರಿಕೆ ಸಿಕ್ಕಿತು. ಮಾಸ್ತರರ ಹೆಂಡತಿ ನಾಟಕದವಳು ಎಂದರೆ ನಾಲ್ಕು ಜನ ಏನಂದಾರು? ಆಯಿ ಬಾಯಿ ಮುಚ್ಚಿದಳು. ಆದರೆ ಏಕಾದಶಿಯ ರಾತ್ರಿ, ಬೀದಿಬಾಗಿಲಿಗೆ ಅಗಳಿ ಹಾಕಿ, ಅಜ್ಜ ಮೆಲ್ಲಗೆ ಕಾಲು ತುಳಿಯುತ್ತಿದ್ದನಂತೆ, ಆಯಿ ಹಾಡುತ್ತಿದ್ದಳಂತೆ. “ನಾ ಕೌದಿಯೊಳಗ ಎಚ್ಚರಿದ್ದು ಕೇಳತಿದ್ದೆ. ನಿದ್ದಿ ಬಂದಂಗ ಮಾಡತಿದ್ದೆ. ಎದ್ದರ ನಿಲ್ಲಸ್ತಾರಲ್ಲ” ಎಂದಳು ಅತ್ತಿ.

“ಆಮ್ಯಾಲ ಯಾಕ ಬಿಟ್ಟರು ಅತ್ತಿ?”

ಅತ್ತಿ ನನ್ನ ಮುಖ ನೋಡಿ, ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದಳು. ನನ್ನ ಅಪ್ಪನ ಲಗ್ನದ ಮಾತು ನಡೆದಾಗ, ಹೆಣ್ಣಿನ ಕಡೆಯ ಹಿರಿಯರೊಬ್ಬರು, “ಹುಡುಗನ ತಾಯಿ ನಾಟಕದಾಕಿ ಅಂತಲ್ಲ, ಖರೇನ?” ಎಂದು ಕೇಳಿದರಂತೆ. ಅಜ್ಜ ಮಾತಾಡಲಿಲ್ಲ. ಆಯಿಯೇ ಒಳಗಿನಿಂದ ಬಂದು, “ಪೇಟಿ ನಮ್ಮವರದು. ಅವರು ಸಾಲಿ ಮಾಸ್ತರು. ನನಗ ಸಂಗೀತ ತಿಳಿಯೂದಿಲ್ಲ” ಎಂದಳಂತೆ. ಲಗ್ನ ಆಯಿತು. ಅಂದಿನಿಂದ ಅದು ಅಜ್ಜನ ಪೇಟಿ. ಏಕಾದಶಿಯ ಹಾಡೂ ಅಂದಿಗೇ ಮುಗಿಯಿತು.

ಆ ಹೆಣ್ಣು ನನ್ನ ಅವ್ವ. ಕೇಳಿದವರು ನನ್ನ ತಾಯಿಯ ತವರಿನವರು. ಆಯಿ ಆ ಸುಳ್ಳು ಹೇಳದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲವೇನೋ! ಹುಬ್ಬಳ್ಳಿಗೆ ಮರಳುವಾಗ ಬಸ್ಸಿನಲ್ಲಿ ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ತಮ್ಮಂದಿರಿಗೆ ಫೋನ್ ಮಾಡಿ ವ್ಯಾಪಾರ ಬೇಡ ಎಂದೆ. ಸಣ್ಣವನಿಗೆ ಬೇಸರವಾಯಿತು, ಮಾತು ಕೊಟ್ಟಾಗಿದೆ ಎಂದ. 18,000ದಲ್ಲಿ ಅವರಿಬ್ಬರ ಪಾಲು 12,000 ನಾನೇ ಕೊಡುತ್ತೇನೆ ಎಂದೆ. ದೊಡ್ಡ ತಮ್ಮ ಬೇಡವೆಂದ. ಆದರೂ ಕಳಿಸಿದೆ. ಪುಕ್ಕಟೆ ಬಂದದ್ದು ಎಂದಾಗಬಾರದಿತ್ತು. ಪೋಸ್ಟಾಫೀಸಿನಲ್ಲಿದ್ದ ನನ್ನ ಸರ್ಟಿಫಿಕೇಟು ಆ ತಿಂಗಳೇ ಮುಗಿದಿತ್ತು.

ರಿಪೇರಿಗೆ ಬಂದವರು ಎಪ್ಪತ್ತರ ವೃದ್ಧರು. ಕಂಪನಿ ನಾಟಕಗಳ ಪೇಟಿ ರಿಪೇರಿ ಮಾಡುತ್ತಲೇ ಕೂದಲು ಬಿಳಿ ಮಾಡಿಕೊಂಡವರು. ನಮ್ಮ ಮನೆಯ ವರಾಂಡದಲ್ಲಿಯೇ ಹಳೆ ಹಾಸಿಗೆಯ ಮೇಲೆ ಪೇಟಿ ಬಿಚ್ಚಿದರು. ಮೊದಲು ಹೊರಬಿದ್ದದ್ದು ಇಲಿಯ ಗೂಡು, ಅದರಲ್ಲಿ ನನ್ನ ತಮ್ಮನ ಯಾವುದೋ ವರ್ಷದ ಪ್ರಗತಿಪತ್ರ. ಗೆದ್ದಲು ಒಂದು ಕಾಲನ್ನು ಮಾತ್ರ ತಿಂದಿತ್ತು. ಹಿಂದೆ ಯಾರೋ ಬಿರುಕಿಗೆ ಬಿಳಿ ಅಂಟು ಮೆತ್ತಿದ್ದು ನೋಡಿ ಅವರಿಗೆ ಸಿಟ್ಟು ಬಂತು. ಹಳೆಯವರು ಬಳಸುತ್ತಿದ್ದದ್ದು ಸರೇಸು. ಬಿಸಿ, ತೇವ ತಾಕಿಸಿದರೆ ಅದು ಬಿಟ್ಟುಕೊಡುತ್ತದೆ, ಮುಂದಿನವನು ಬಿಚ್ಚಿ ಕೆಲಸ ಮಾಡಬಹುದು. ಬಿಳಿ ಅಂಟು ಹಿಡಿದರೆ ಮರವನ್ನೇ ಕಿತ್ತುಕೊಂಡು ಬರುತ್ತದೆ. “ಮುಂದ ಯಾರೋ ಬಿಚ್ಚತಾರ ಅನ್ನೂ ಖಬರ ಇರಬೇಕ್ರಿ ಬಾಯಾರ” ಎಂದರು.

42 ಮನೆ, ಎರಡು ಸಾಲು, ಒಟ್ಟು 84 ಹಿತ್ತಾಳೆಯ ರೀಡು. ಒಂದೊಂದನ್ನೂ ಬಿಡಿಸಿ, ಒರೆಸಿ, ಬಾಯಲ್ಲಿ ಊದಿ ನೋಡಿದರು. ಹನ್ನೊಂದು ಮೂಕವಾಗಿದ್ದವು. ಒಂಬತ್ತಕ್ಕೆ ಧೂಳು ತೆಗೆದದ್ದೇ ಔಷಧವಾಯಿತು. ಎರಡು ಮುರಿದಿದ್ದವು, ಅವಕ್ಕೆ ಗುಜರಾತಿನ ಪಾಲಿತಾಣಾದಲ್ಲಿ ಮಾಡಿದ ರೀಡು ತರಿಸಿದರು. ನಾಲಿಗೆಯ ತುದಿಯನ್ನು ಕೂದಲೆಳೆಯಷ್ಟು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಹೆಚ್ಚು ಕೆರೆದರೆ ಹೋಯಿತು. ಅದಕ್ಕೇ ಅವರು ಬೆಳಿಗ್ಗೆ ಚಹಾ ಕುಡಿಯದೆ ಆ ಕೆಲಸಕ್ಕೆ ಕೂರುತ್ತಿರಲಿಲ್ಲ.

ತಿದಿಯ ಚರ್ಮ ಬಿಚ್ಚುವಾಗ ನನ್ನನ್ನು ಕರೆದರು. ಒಳಮೈಯಲ್ಲಿ ಒಂದು ಹರಕಿಗೆ ಚರ್ಮದ ಬದಲು ಬಟ್ಟೆಯ ತೇಪೆ ಇತ್ತು. ಗುಳೇದಗುಡ್ಡದ ಖಣ, ಎರಡು ಪದರು, ಮೇಲೆ ಸರೇಸಿನ ಲೇಪ. ಅಂಚಿಗೆ ಅಷ್ಟು ಸಣ್ಣ ಹೊಲಿಗೆ. “ನಮ್ಮ ಮಂದಿ ಹಿಂಗ ಹೊಲಿಯೂದಿಲ್ರಿ” ಎಂದರು. ಕೆಂಪು ಬಣ್ಣ ಮಾಸಿ ಕಂದಾಗಿತ್ತು. ಅದನ್ನು ನಾನು ಬಿಡಿಸಿ ಇಟ್ಟುಕೊಂಡಿದ್ದೇನೆ.

ಇಪ್ಪತ್ತಾರು ದಿನದ ಕೆಲಸ, 23,000 ರೂಪಾಯಿ. ನಮ್ಮವರು ಕನ್ನಡಕ ಮೂಗಿಗೆ ಇಳಿಸಿ ಲೆಕ್ಕ ಮಾಡಿದರು: “ಮಾರಿದ್ರ ಬರೂ ದುಡ್ಡಿಗಿಂತ ರಿಪೇರಿ ಖರ್ಚೇ ಹೆಚ್ಚಾತಲ್ಲ!” ನಾನು ಒಪ್ಪಿದೆ. ಲೆಕ್ಕದಲ್ಲಿ ಅವರು ಯಾವತ್ತೂ ತಪ್ಪಿದವರಲ್ಲ.

ಮುಗಿದ ದಿನ ಅತ್ತಿಯನ್ನು ಕಾರಿನಲ್ಲಿ ಕರೆತಂದೆವು. ತಮ್ಮಂದಿರೂ ಬಂದಿದ್ದರು, ಸಣ್ಣವನ ಮುಖ ಇನ್ನೂ ಸ್ವಲ್ಪ ಬಿಗಿ. ಮಾಸ್ತರರು ಕಾಲು ತುಳಿದು, ಕರಿ ಒಂದರ ಶ್ರುತಿಗೆ ಷಡ್ಜ ಹಿಡಿದರು. ಆ ದನಿ ಮನೆಯ ತುಂಬ ನಿಂತಿತು. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅತ್ತಿ ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿದಳು.

“ಇದು ಅಪ್ಪನ ಶ್ರುತಿ. ಅವ್ವಂದು ಇದಲ್ಲ. ಇನ್ನೂ ಮ್ಯಾಲಿತ್ತು.”

ಮಾಸ್ತರರು ಒಂದೊಂದೇ ಮನೆ ಏರಿಸುತ್ತಾ ಹೋದರು. ಅತ್ತಿ ಅಲ್ಲ, ಅಲ್ಲ ಎನ್ನುತ್ತಾ ಹೋದಳು. ಕರಿ ನಾಲ್ಕಕ್ಕೆ ಬಂದಾಗ ಕೈ ಎತ್ತಿದಳು. ಆಮೇಲೆ ಎದ್ದು, ನನ್ನ ಹೆಗಲು ಹಿಡಿದುಕೊಂಡು ನಡೆದು, ಆ ಕರಿ ಮನೆಯ ಮೇಲೆ ತನ್ನ ಬೆರಳಿಟ್ಟಳು. ಸಂಗೀತ ಕಲಿಯದವಳು. ಕೌದಿಯೊಳಗೆ ಕೇಳಿದ್ದು ಎಪ್ಪತ್ತು ವರ್ಷಗಳ ಹಿಂದೆ. ಒಂದು ಹಾಡಿನ ಸಾಲೂ ಅವಳಿಗೆ ನೆನಪಿರಲಿಲ್ಲ, ಶ್ರುತಿ ಇತ್ತು. ಮಾಸ್ತರರು ಕಾಲು ನಿಲ್ಲಿಸದೆ ಅವಳು ಬೆರಳು ತೆಗೆಯುವ ತನಕ ತುಳಿದರು. ಸಣ್ಣ ತಮ್ಮ ಎದ್ದು ಹೊರಗೆ ಹೋದ. ಬಂದಾಗ ಮುಖ ತೊಳೆದುಕೊಂಡಿದ್ದ.

ಹಿಂದಿನ ಹಲಗೆ ಮುಚ್ಚುವ ಮುಂಚೆ ಮಾಸ್ತರರು ಕಿವಿಯ ಮೇಲಿದ್ದ ಪೆನ್ಸಿಲು ತೆಗೆದರು. ರಿಪೇರಿ ಮಾಡಿದವರು ಒಳಗೆ ತಾರೀಖು, ಊರು ಬರೆಯುವುದು ವಾಡಿಕೆ. ಅಲ್ಲಿ ಮೊದಲೇ ಯಾರದೋ ಕೈಯಲ್ಲಿ '1938' ಎಂದಿತ್ತು. ಅದರ ಕೆಳಗೆ ತಾರೀಖು ಹಾಕಿ ಕೇಳಿದರು: “ಯಾರ ಪೇಟಿ ಅಂತ ಬರೀಲ್ರಿ? ಅಜ್ಜಾರ ಹೆಸರು ಹೇಳ್ರಿ.”

ಸಣ್ಣ ತಮ್ಮನೇ ಹೇಳಿದ, ಆಯಿಯ ಹೆಸರು. ಅತ್ತಿ ತಡೆದಳು. ಅದು ಮನೆಯಲ್ಲಿ ಕರೆಯುತ್ತಿದ್ದ ಹೆಸರಂತೆ. ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಬೇರೆ ಹೆಸರಿತ್ತಂತೆ. ಅದನ್ನು ಅವಳು ಅಕ್ಷರ ಬಿಡಿಸಿ ಹೇಳಿದಳು, ಮಾಸ್ತರರು ದಪ್ಪವಾಗಿ ಬರೆದರು. ನಾವು ಮೂವರೂ ಆ ಹೆಸರು ಕೇಳಿದ್ದು ಅದೇ ಮೊದಲು.

ಈಗ ಪೇಟಿ ನಮ್ಮ ವರಾಂಡದಲ್ಲಿದೆ. ಗುರುವಾರ ನಮ್ಮ ಓಣಿಯ ಹೆಂಗಸರ ಭಜನೆ ಅಲ್ಲಿಯೇ. ನನಗೆ ಕಾಲು, ಕೈ ಎರಡೂ ಒಟ್ಟಿಗೆ ಇನ್ನೂ ಕೂಡುವುದಿಲ್ಲ. ಕಾಲಿಗೆ ಗಮನ ಕೊಟ್ಟರೆ ಸ್ವರ ತಪ್ಪುತ್ತದೆ. ಅದರ ಮೇಲೆ ಯಾರೂ ಏನೂ ಇಡಬಾರದು ಎಂದು ಮನೆಯಲ್ಲಿ ಹೇಳಿದ್ದೇನೆ. ಆದರೂ ಮೊನ್ನೆ ನೋಡಿದರೆ ಒಂದು ಲಗ್ನಪತ್ರಿಕೆ ಇತ್ತು.